ಹೊರದೇಶದಲ್ಲಿ ದುಡ್ಡು ಹಾಕುವ ಮುಂಚೆ ಆ ದೇಶದ ಡಾಲರ್ ಲೆಕ್ಕ ಓದುವುದು ಹೇಗೆ

2021ರಲ್ಲಿ ಇಸ್ತಾಂಬುಲ್ ಷೇರುಪೇಟೆಯ ಮುಖ್ಯ ಸೂಚ್ಯಂಕ ಸುಮಾರು ಶೇ. 26 ಏರಿತು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಅದೇ ವರ್ಷ ಟರ್ಕಿಯ ಲಿರಾ ಡಾಲರ್ ಎದುರು ಸುಮಾರು ಶೇ. 44 ಕುಸಿಯಿತು. ಎರಡನ್ನೂ ಸೇರಿಸಿ ನೋಡಿ. ವರ್ಷದ ಶುರುವಿನಲ್ಲಿ 100 ಡಾಲರ್ ಹಾಕಿದವರ ಹೂಡಿಕೆ ಲಿರಾ ಲೆಕ್ಕದಲ್ಲಿ 26 ಭಾಗ ಬೆಳೆಯಿತು. ಆದರೆ ವಾಪಸ್ ಡಾಲರ್ ಮಾಡಿಕೊಳ್ಳಲು ಹೋದರೆ ಪ್ರತಿ ಲಿರಾಗೆ ಮೊದಲು ಸಿಗುತ್ತಿದ್ದುದರ ಶೇ. 56 ಮಾತ್ರ ಸಿಗುತ್ತಿತ್ತು. 126ನ್ನು 0.56ರಿಂದ ಗುಣಿಸಿ. ಕೈಗೆ ಬಂದಿದ್ದು 70 ಚಿಲ್ಲರೆ ಡಾಲರ್. ಪೇಟೆ ಏರಿದೆ, ದುಡ್ಡು ಕರಗಿದೆ.

ಬೆಂಗಳೂರಿನಲ್ಲಿ ಈಗ ಹೊರದೇಶದ ಹೂಡಿಕೆಯ ಮಾತು ಎಲ್ಲ ಕಡೆ ಇದೆ. ವೈಟ್‌ಫೀಲ್ಡ್, ಬೆಳ್ಳಂದೂರು, ಎಚ್‌ಎಸ್‌ಆರ್ ಲೇಔಟ್ ಕಡೆ ಕೆಲಸ ಮಾಡುವವರ ಆಫೀಸ್ ಗ್ರೂಪ್‌ಗಳಲ್ಲಿ ಒಬ್ಬರು ವಿಯೆಟ್ನಾಂ ಅಂತಾರೆ, ಇನ್ನೊಬ್ಬರು ಜಪಾನ್, ಮತ್ತೊಬ್ಬರು ಬ್ರೆಜಿಲ್. ಕಾರಣ ಕೇಳಿದರೆ ಎಲ್ಲರದ್ದೂ ಹೆಚ್ಚೂಕಡಿಮೆ ಒಂದೇ ಉತ್ತರ: ಜಿಡಿಪಿ ಚೆನ್ನಾಗಿ ಬೆಳೀತಾ ಇದೆ, ಜನ ಚಿಕ್ಕ ವಯಸ್ಸಿನವರು, ಕಾರ್ಖಾನೆಗಳು ಬರ್ತಿವೆ. ಇದೆಲ್ಲ ನಿಜವೇ ಇರಬಹುದು. ಆದರೆ ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಆ ದೇಶಕ್ಕೆ ಡಾಲರ್ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಕೆಟ್ಟ ತಿಂಗಳೊಂದು ಬಂದಾಗ ನನ್ನ ಪಾಲಿನ ಡಾಲರ್ ನನಗೆ ಕೊಡುವ ಶಕ್ತಿ ಅದಕ್ಕೆ ಇರುತ್ತದಾ, ಮನಸ್ಸಾದರೂ ಇರುತ್ತದಾ? ಬೆಳವಣಿಗೆಯ ವಿಚಾರ ಇದರ ನಂತರ.

ಇದನ್ನು ತಿಳಿಯಲು ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಬೇಕಾದ ಅಂಕಿಗಳೆಲ್ಲ ಪುಕ್ಕಟೆ ಸಿಗುತ್ತವೆ, ಒಂದು ಭಾನುವಾರದ ಬೆಳಿಗ್ಗೆ ಸಾಕು. ಯಾವುದನ್ನು ಮೊದಲು ನೋಡಬೇಕು ಅನ್ನುವುದು ಗೊತ್ತಿರಬೇಕು, ಅಷ್ಟೇ.

ಮೊದಲ ಹೆಜ್ಜೆ: ಲೆಕ್ಕ ರೂಪಾಯಿಯಲ್ಲಿ ಇರಲಿ

ನೀವು ಬಾಡಿಗೆ ಕಟ್ಟುವುದು, ಶಾಲೆ ಫೀಸ್ ಕಟ್ಟುವುದು ರೂಪಾಯಿಯಲ್ಲಿ. ಹಾಗಾಗಿ ಲಾಭ ನಷ್ಟವನ್ನೂ ರೂಪಾಯಿಯಲ್ಲೇ ಅಳೆಯಬೇಕು. ಹೊರದೇಶದ ಹೂಡಿಕೆಯಲ್ಲಿ ಯಾವಾಗಲೂ ಎರಡು ಲೆಕ್ಕ ಇರುತ್ತದೆ: ಷೇರು ಎಷ್ಟು ಏರಿತು ಅನ್ನುವುದು ಒಂದು, ಆ ಕರೆನ್ಸಿ ರೂಪಾಯಿ ಎದುರು ಎಷ್ಟು ಅಲುಗಾಡಿತು ಅನ್ನುವುದು ಇನ್ನೊಂದು. ಎರಡನ್ನೂ ಕೂಡಬೇಡಿ, ಗುಣಿಸಿ.

ಇದು ನಮ್ಮ ಪರವಾಗಿ ಕೆಲಸ ಮಾಡಿದ ವರ್ಷಗಳೂ ಇವೆ. 2022ರಲ್ಲಿ ಅಮೆರಿಕದ ಎಸ್ ಆಂಡ್ ಪಿ 500 ಸೂಚ್ಯಂಕ ಸುಮಾರು ಶೇ. 19 ಬಿತ್ತು. ಅದೇ ವರ್ಷ ಡಾಲರ್ ಸುಮಾರು 74 ರೂಪಾಯಿಯಿಂದ 82 ದಾಟಿತು. ರೂಪಾಯಿ ಲೆಕ್ಕದಲ್ಲಿ ನಷ್ಟ ಸುಮಾರು ಶೇ. 10ಕ್ಕೆ ನಿಂತಿತು. ಇನ್ನೂ ದೂರದಿಂದ ನೋಡಿದರೆ, 2004ರ ಕೊನೆಯಲ್ಲಿ ಡಾಲರ್‌ಗೆ 43-44 ರೂಪಾಯಿ ಇತ್ತು, 2024ರ ಕೊನೆಯಲ್ಲಿ 85 ದಾಟಿತ್ತು. ಸರಾಸರಿ ವರ್ಷಕ್ಕೆ ಶೇ. 3.4ರಷ್ಟು. ಡಾಲರ್‌ನಲ್ಲಿ ದುಡ್ಡು ಇಟ್ಟವರಿಗೆ ಇಷ್ಟು ಸುಮ್ನೆ ಕೂತಲ್ಲೇ ಬಂದಿದೆ. ಆದರೆ ಇದು ಡಾಲರ್‌ನ ಕಥೆ. ಲಿರಾ, ನೈಜೀರಿಯಾದ ನೈರಾ, ಅರ್ಜೆಂಟೀನಾದ ಪೆಸೊ ಇವುಗಳಿಗೆ ಇದೇ ನಂಬಿಕೆ ಹೊರಿಸಬೇಡಿ. ನಮ್ಮ ರೂಪಾಯಿಗಿಂತ ಜೋರಾಗಿ ಬೀಳುವ ಕರೆನ್ಸಿಗಳು ಬೇಕಾದಷ್ಟಿವೆ.

ಎರಡನೆಯದು: ಕರೆನ್ಸಿಯನ್ನು ಕಟ್ಟಿಹಾಕಿದ್ದಾರಾ, ಬಿಟ್ಟಿದ್ದಾರಾ?

ಪ್ರತಿ ದೇಶಕ್ಕೂ ಮೂರು ಆಸೆ ಇರುತ್ತದೆ. ವಿನಿಮಯ ದರ ಅಲುಗಾಡಬಾರದು. ದುಡ್ಡು ಗಡಿ ದಾಟಿ ಸಲೀಸಾಗಿ ಓಡಾಡಬೇಕು. ಬಡ್ಡಿ ದರ ನಮ್ಮ ಕೈಯಲ್ಲೇ ಇರಬೇಕು. ಮೂರೂ ಒಟ್ಟಿಗೆ ಸಿಗುವುದಿಲ್ಲ, ಎರಡೇ ಸಿಗುವುದು. ಮುಂಡೆಲ್ ಮತ್ತು ಫ್ಲೆಮಿಂಗ್ ಅನ್ನುವ ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲೇ ಇದಕ್ಕೆ ತಳಹದಿ ಹಾಕಿದರು. ಇವತ್ತಿಗೂ ಯಾವ ದೇಶವೂ ಇದನ್ನು ಹೆಚ್ಚು ದಿನ ಮೀರಿ ನಿಂತಿಲ್ಲ.

ಹಾಂಗ್‌ಕಾಂಗ್ 1983ರಿಂದ ತನ್ನ ಡಾಲರನ್ನು ಅಮೆರಿಕದ ಡಾಲರ್‌ಗೆ ಕಟ್ಟಿದೆ. ಈಗ ಅದು 7.75ರಿಂದ 7.85ರ ನಡುವೆ ಮಾತ್ರ ಓಡಾಡಬೇಕು. ದುಡ್ಡಿನ ಓಡಾಟಕ್ಕೂ ತಡೆ ಇಲ್ಲ. ಹಾಗಾಗಿ ಬಡ್ಡಿ ದರ ಅವರ ಕೈಯಲ್ಲಿಲ್ಲ, ವಾಷಿಂಗ್ಟನ್‌ನಲ್ಲಿ ಫೆಡ್ (ಅಮೆರಿಕದ ಕೇಂದ್ರ ಬ್ಯಾಂಕ್) ಏರಿಸಿದರೆ ಅಲ್ಲೂ ಏರುತ್ತದೆ, ಅಲ್ಲಿ ಮನೆ ಬೆಲೆ ಬೀಳುತ್ತಿದ್ದರೂ ಸರಿ. ಚೀನಾ ದರವನ್ನು ಹಿಡಿದಿಟ್ಟಿದೆ, ಬಡ್ಡಿಯನ್ನೂ ತಾನೇ ನಿರ್ಧರಿಸುತ್ತದೆ, ಅದಕ್ಕೆ ದುಡ್ಡಿನ ಓಡಾಟಕ್ಕೆ ಬಾಗಿಲು ಹಾಕಿದೆ. ಅಲ್ಲಿನ ಒಬ್ಬ ವ್ಯಕ್ತಿ ವರ್ಷಕ್ಕೆ 50,000 ಡಾಲರ್‌ವರೆಗಿನ ವಿದೇಶಿ ಹಣವನ್ನು ಮಾತ್ರ ಸುಲಭವಾಗಿ ಕೊಳ್ಳಬಹುದು. ನಾವು ಮಧ್ಯದಲ್ಲಿದ್ದೇವೆ. ರೂಪಾಯಿ ಅಲುಗಾಡುತ್ತದೆ, ಆದರೆ ಜಾಸ್ತಿ ಅಲುಗಾಡಿದರೆ ರಿಸರ್ವ್ ಬ್ಯಾಂಕ್ ಡಾಲರ್ ಮಾರಿ ತಡೆಯುತ್ತದೆ.

ಹೊಸಬರು ಇಲ್ಲೇ ಉಲ್ಟಾ ತಿಳಿಯುತ್ತಾರೆ. ಎರಡು ವರ್ಷದಿಂದ ಅಲುಗಾಡದ ಕರೆನ್ಸಿ ಕಂಡರೆ ಸಮಾಧಾನ, ದಿನಾ ಸ್ವಲ್ಪ ಸ್ವಲ್ಪ ಏರಿಳಿಯುವ ಕರೆನ್ಸಿ ಕಂಡರೆ ಭಯ. ನನಗೆ ಭಯ ಆಗುವುದು ಮೊದಲನೆಯದನ್ನು ಕಂಡಾಗ. ಥಾಯ್ಲೆಂಡ್‌ನ ಬಾತ್ ವರ್ಷಗಟ್ಟಲೆ ಡಾಲರ್‌ಗೆ 25ರ ಆಸುಪಾಸಿನಲ್ಲಿ ನಿಂತಿತ್ತು. 1997ರ ಜುಲೈ 2ರಂದು ಹಿಡಿತ ಬಿಟ್ಟರು. 1998ರ ಜನವರಿ ಹೊತ್ತಿಗೆ ಒಂದು ಡಾಲರ್‌ಗೆ 50ಕ್ಕೂ ಹೆಚ್ಚು ಬಾತ್ ಆಗಿತ್ತು. ಉಲ್ಟಾ ದಿಕ್ಕಿನಲ್ಲೂ ಹೀಗೇ: ಸ್ವಿಸ್ ಕೇಂದ್ರ ಬ್ಯಾಂಕ್ ಒಂದು ಯೂರೋಗೆ 1.20 ಫ್ರಾಂಕ್‌ಗಿಂತ ಕೆಳಗೆ ಬಿಡುವುದಿಲ್ಲ ಅಂತ 2011ರ ಸೆಪ್ಟೆಂಬರ್‌ನಿಂದ ಹಿಡಿದು ನಿಂತಿತ್ತು, 2015ರ ಜನವರಿ 15ರಂದು ಒಂದೇ ಪ್ರಕಟಣೆಯಲ್ಲಿ ಕೈಬಿಟ್ಟಿತು, ಫ್ರಾಂಕ್ ನಿಮಿಷಗಳಲ್ಲಿ ಹಾರಿತು. ದಿನಾ ಅಲುಗಾಡುವ ಕರೆನ್ಸಿ ಒತ್ತಡವನ್ನು ದಿನಾ ಹೊರಹಾಕುತ್ತದೆ. ಕಟ್ಟಿಹಾಕಿದ್ದು ಒಳಗೇ ಕೂಡಿಡುತ್ತದೆ.

ಹಾಗಂತ ಕಟ್ಟಿದ್ದೆಲ್ಲ ಕೆಟ್ಟದ್ದಲ್ಲ. ದುಬೈ ಕಡೆಯ ದಿರ್ಹಾಮ್ ದಶಕಗಳಿಂದ ಡಾಲರ್‌ಗೆ 3.67ರಲ್ಲಿ ನಿಂತಿದೆ, ಯಾಕೆಂದರೆ ಅದರ ಹಿಂದೆ ತೈಲದ ಡಾಲರ್ ಇದೆ. ಕಟ್ಟಿದವರ ಹತ್ತಿರ ಹಗ್ಗಕ್ಕೆ ತಕ್ಕ ಡಾಲರ್ ಇದೆಯಾ, ಇಲ್ಲವಾ ಅನ್ನುವುದೇ ಪ್ರಶ್ನೆ.

ಒಂದು ಕಿವಿಮಾತು. ಸರ್ಕಾರ ಬಾಯಲ್ಲಿ ಹೇಳುವ ವ್ಯವಸ್ಥೆಗೂ ನಡೆಸುವ ವ್ಯವಸ್ಥೆಗೂ ವ್ಯತ್ಯಾಸ ಇರುತ್ತದೆ. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಪ್ರತಿ ವರ್ಷ ಎಲ್ಲ ದೇಶಗಳ ವಿನಿಮಯ ವ್ಯವಸ್ಥೆ ಬಗ್ಗೆ ವರದಿ ತರುತ್ತದೆ, ಅದರಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹೇಳಿರುತ್ತಾರೆ. ನಡೆಸುವುದನ್ನು ನಂಬಿ.

ಮೂರನೆಯದು: ಡಾಲರ್ ಹೇಗೆ ಬರುತ್ತದೆ, ಎಷ್ಟು ತೆರೆದುಕೊಂಡಿದೆ?

ರಫ್ತು ಮತ್ತು ಆಮದನ್ನು ಕೂಡಿ ಜಿಡಿಪಿಯಿಂದ ಭಾಗಿಸಿ. ಸಿಂಗಪುರದಲ್ಲಿ ಇದು ಶೇ. 300 ದಾಟುತ್ತದೆ, ವಿಯೆಟ್ನಾಂನಲ್ಲಿ ಶೇ. 150ಕ್ಕಿಂತ ಜಾಸ್ತಿ, ಭಾರತದಲ್ಲಿ ಸುಮಾರು ಶೇ. 45. ಅಂಕಿ ದೊಡ್ಡದಾದಷ್ಟೂ ಬೇರೆಯವರ ನಿರ್ಧಾರಕ್ಕೆ ದೇಶ ಹೆಚ್ಚು ಸಿಕ್ಕಿಕೊಂಡಿರುತ್ತದೆ. ವಿಯೆಟ್ನಾಂ ರಫ್ತಿನಲ್ಲಿ ಹತ್ತಿರ ಹತ್ತಿರ ಶೇ. 30 ಅಮೆರಿಕಕ್ಕೇ ಹೋಗುತ್ತದೆ. 2025ರ ಏಪ್ರಿಲ್ 2ರಂದು ಅಮೆರಿಕ ಅವರ ಮೇಲೆ ಶೇ. 46 ಸುಂಕ ಅಂತ ಘೋಷಿಸಿತು. ಮರುದಿನ ಅಲ್ಲಿನ ಸೂಚ್ಯಂಕ ಒಂದೇ ದಿನಕ್ಕೆ ಸುಮಾರು ಶೇ. 7 ಬಿತ್ತು. ಆಮೇಲೆ ಮಾತುಕತೆ ನಡೆದು ಜುಲೈನಲ್ಲಿ ಸುಂಕ ಶೇ. 20ಕ್ಕೆ ಇಳಿಯಿತು, ಅದು ಬೇರೆ ಮಾತು. ರಫ್ತು ಎಷ್ಟು ಅನ್ನುವುದರ ಜೊತೆಗೆ ಯಾರಿಗೆ ಅನ್ನುವುದನ್ನೂ ಬರೆದುಕೊಳ್ಳಿ.

ಮುಂದೆ ಚಾಲ್ತಿ ಖಾತೆ. ಸರಕು, ಸೇವೆ, ಹೊರಗಿರುವ ಜನ ಮನೆಗೆ ಕಳಿಸುವ ಹಣ, ಬಡ್ಡಿ, ಡಿವಿಡೆಂಡ್ ಎಲ್ಲ ಸೇರಿ ಒಳಗೆ ಬಂದಿದ್ದಕ್ಕಿಂತ ಹೊರಗೆ ಹೋಗಿದ್ದು ಜಾಸ್ತಿ ಆದರೆ ಕೊರತೆ. ಭಾರತ ಸರಕಿನ ವ್ಯಾಪಾರದಲ್ಲಿ ಯಾವಾಗಲೂ ದೊಡ್ಡ ಕೊರತೆಯಲ್ಲೇ ಇರುತ್ತದೆ, ತೈಲ ಮತ್ತು ಚಿನ್ನದ ಕಾರಣಕ್ಕೆ. ಆ ಗುಂಡಿಯನ್ನು ಬಹುಪಾಲು ಮುಚ್ಚುವುದು ನಮ್ಮ ಹೊರ ವರ್ತುಲ ರಸ್ತೆಯ ಎರಡೂ ಬದಿಯ ಆಫೀಸುಗಳಂಥ ಕಡೆಯಿಂದ ಹೋಗುವ ಸಾಫ್ಟ್‌ವೇರ್ ಸೇವೆ ಮತ್ತು ಕೊಲ್ಲಿ, ಅಮೆರಿಕದಿಂದ ಬರುವ ಹಣ. ವಿಶ್ವಬ್ಯಾಂಕ್ ಅಂದಾಜಿನಲ್ಲಿ 2024ರಲ್ಲಿ ಹೀಗೆ ಮನೆಗೆ ಬಂದ ಹಣವೇ ಸುಮಾರು 12,900 ಕೋಟಿ ಡಾಲರ್. ಯಾವ ದೇಶವನ್ನೇ ನೋಡಿ, ಈ ಗುಂಡಿ ಮುಚ್ಚುವ ಮಣ್ಣು ಯಾವುದು ಅಂತ ಒಂದು ಸಾಲಿನಲ್ಲಿ ಹೇಳಲು ಬರಬೇಕು. ಬರಲಿಲ್ಲ ಅಂದರೆ ಇನ್ನೂ ಓದಬೇಕಿದೆ.

ಕೊರತೆ ಜಿಡಿಪಿಯ ಶೇ. 2ರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಶೇ. 4-5 ತಲುಪಿದರೆ ಅದಕ್ಕೆ ದುಡ್ಡು ಕೊಡುತ್ತಿರುವವರು ಯಾರು ಅಂತ ಹುಡುಕುತ್ತೇನೆ. ಕಾರ್ಖಾನೆ ಕಟ್ಟಿದ ವಿದೇಶಿ ನೇರ ಹೂಡಿಕೆ ರಾತ್ರೋರಾತ್ರಿ ಎದ್ದು ಹೋಗುವುದಿಲ್ಲ. ಷೇರು, ಬಾಂಡ್, ಮೂರು ತಿಂಗಳ ಸಾಲದಲ್ಲಿ ಕೂತಿರುವ ದುಡ್ಡು ಹೋಗುತ್ತದೆ. ನಮಗೇ ಆಗಿದೆ ನೋಡಿ. 2012-13ರಲ್ಲಿ ನಮ್ಮ ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ. 4.8 ಇತ್ತು. 2013ರ ಮೇ ತಿಂಗಳಲ್ಲಿ ಫೆಡ್ ಮುಖ್ಯಸ್ಥ ಬರ್ನಾಂಕೆ ಬಾಂಡ್ ಖರೀದಿ ಕಡಿಮೆ ಮಾಡಬಹುದು ಅಂತ ಸುಳಿವು ಕೊಟ್ಟರು, ಅಷ್ಟಕ್ಕೇ 55ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತು. ಆಮೇಲೆ ರಿಸರ್ವ್ ಬ್ಯಾಂಕ್ ಅನಿವಾಸಿ ಭಾರತೀಯರ ಡಾಲರ್ ಠೇವಣಿಗೆ ವಿಶೇಷ ಅವಕಾಶ ಕೊಟ್ಟು ಸುಮಾರು 2,600 ಕೋಟಿ ಡಾಲರ್ ತಂದ ಮೇಲೆ ಉಸಿರು ಬಂತು.

ನಾಲ್ಕನೆಯದು: ಮೀಸಲು ಎಷ್ಟಿದೆ? ಶ್ರೀಲಂಕಾವನ್ನು ಹತ್ತಿರದಿಂದ ನೋಡೋಣ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಇಲ್ಲಿ ಅವಸರ ಮಾಡಬೇಡಿ.

ವಿದೇಶಿ ವಿನಿಮಯ ಮೀಸಲು ಅಂದರೆ ಕೇಂದ್ರ ಬ್ಯಾಂಕ್ ಕೂಡಿಟ್ಟ ಡಾಲರ್, ಚಿನ್ನ ಇತ್ಯಾದಿ. ಅದನ್ನು ಮೂರು ರೀತಿ ಅಳೆಯಿರಿ. ಒಂದು, ಎಷ್ಟು ತಿಂಗಳ ಆಮದಿಗೆ ಸಾಕಾಗುತ್ತದೆ? ಮೂರು ತಿಂಗಳಿಗಿಂತ ಕಡಿಮೆ ಇದ್ದರೆ ಎಚ್ಚರ. ಎರಡು, ಒಂದು ವರ್ಷದೊಳಗೆ ತೀರಿಸಬೇಕಾದ ಹೊರಸಾಲಕ್ಕೆ ಸಾಕಾಗುತ್ತದಾ? ಮೀಸಲು ಅದಕ್ಕಿಂತ ಹೆಚ್ಚಿರಬೇಕು. ಮೂರು, ಅದರಲ್ಲಿ ನಿಜವಾಗಿ ಬಳಸಬಹುದಾದದ್ದು ಎಷ್ಟು? ಮೂರನೆಯದನ್ನು ಯಾರೂ ನೋಡುವುದಿಲ್ಲ, ಹೊಡೆತ ಬೀಳುವುದು ಅಲ್ಲೇ. 1997ರ ಥಾಯ್ಲೆಂಡ್ ಲೆಕ್ಕದ ಪುಸ್ತಕದಲ್ಲಿ 3,000 ಕೋಟಿ ಡಾಲರ್‌ಗಿಂತ ಜಾಸ್ತಿ ತೋರಿಸುತ್ತಿತ್ತು, ಅದರಲ್ಲಿ ಬಹುಪಾಲನ್ನು ಫಾರ್ವರ್ಡ್ ಒಪ್ಪಂದಗಳಲ್ಲಿ (ಮುಂದೊಂದು ದಿನ ಕೊಡುತ್ತೇವೆ ಅಂತ ಇವತ್ತೇ ದರ ನಿಗದಿ ಮಾಡುವ ಒಪ್ಪಂದ) ಆಗಲೇ ಮಾರಿಯಾಗಿತ್ತು.

ಈಗ 2021ರ ಕೊನೆಯ ಶ್ರೀಲಂಕಾಕ್ಕೆ ಬನ್ನಿ. ಆ ವರ್ಷ ಕೊಲಂಬೊ ಷೇರು ಸೂಚ್ಯಂಕ ಸುಮಾರು ಶೇ. 80 ಏರಿತ್ತು. ಡಾಲರ್‌ಗೆ ಅಲ್ಲಿನ ರೂಪಾಯಿ 200ರ ಸುತ್ತ ಗಟ್ಟಿಯಾಗಿ ನಿಂತಿತ್ತು. ಮೇಲಿಂದ ನೋಡಿದರೆ ಇದಕ್ಕಿಂತ ಚೆನ್ನಾದ ಪೇಟೆ ಇಲ್ಲ ಅನ್ನಿಸಬೇಕು.

ಒಳಗೆ ಹೋಗಿ ನೋಡಿ. 2019ರ ಕೊನೆಯಲ್ಲಿ ಮೀಸಲು ಸುಮಾರು 760 ಕೋಟಿ ಡಾಲರ್. 2021ರ ಕೊನೆಗೆ ಅದು 310 ಕೋಟಿ. ಆ 310ರಲ್ಲೂ ಸುಮಾರು 150 ಕೋಟಿ ಚೀನಾದ ಜೊತೆಗಿನ ಯುವಾನ್ ಸ್ವಾಪ್ (ಎರಡು ಕೇಂದ್ರ ಬ್ಯಾಂಕ್‌ಗಳ ನಡುವಿನ ಕರೆನ್ಸಿ ಅದಲುಬದಲು), ಡಾಲರ್ ಸಾಲ ತೀರಿಸಲು ಬರುವಂಥದ್ದಲ್ಲ. ತಿಂಗಳ ಆಮದು ಸುಮಾರು 170 ಕೋಟಿ ಡಾಲರ್. ಭಾಗಿಸಿ ನೋಡಿದರೆ, ಸ್ವಾಪ್ ಬಿಟ್ಟು ಒಂದು ತಿಂಗಳಿಗೂ ಸಾಲದು. ಮುಂದಿನ ಸಾಲದ ಪಟ್ಟಿ ಎಲ್ಲರಿಗೂ ಗೊತ್ತಿದ್ದದ್ದೇ: 2022ರ ಜನವರಿಯಲ್ಲಿ 50 ಕೋಟಿ ಡಾಲರ್ ಬಾಂಡ್, ಜುಲೈನಲ್ಲಿ 100 ಕೋಟಿ.

ಡಾಲರ್ ಬರುವ ದಾರಿಗಳೂ ಒಂದೊಂದಾಗಿ ಮುಚ್ಚಿದ್ದವು. 2019ರ ಈಸ್ಟರ್ ದಿನದ ಬಾಂಬ್ ದಾಳಿ, ಆಮೇಲೆ ಕೋವಿಡ್, ಪ್ರವಾಸಿಗರು ನಿಂತರು. 2019ರ ಕೊನೆಯಲ್ಲಿ ಸರ್ಕಾರ ವ್ಯಾಟ್ ತೆರಿಗೆಯನ್ನು ಶೇ. 15ರಿಂದ 8ಕ್ಕೆ ಇಳಿಸಿದ್ದರಿಂದ ಖಜಾನೆಗೆ ತೂತು ಬಿತ್ತು, ದೇಶದ ಸಾಲದ ರೇಟಿಂಗ್ ಕುಸಿಯಿತು, ಹೊರಗೆ ಹೊಸ ಸಾಲ ಹುಟ್ಟದಾಯಿತು. 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿದರು, ಭತ್ತವೂ ಚಹಾವೂ ಪೆಟ್ಟು ತಿಂದವು.

ಎಲ್ಲಕ್ಕಿಂತ ಸ್ಪಷ್ಟವಾದ ಸುಳಿವು ಇನ್ನೊಂದಿತ್ತು. ಬ್ಯಾಂಕಿನಲ್ಲಿ ಡಾಲರ್‌ಗೆ 200ರ ಆಸುಪಾಸು, ಹೊರಗೆ ಹುಂಡಿಯಲ್ಲಿ (ಬ್ಯಾಂಕ್ ಬಿಟ್ಟು ಏಜೆಂಟರ ಮೂಲಕ ಹಣ ಕಳಿಸುವ ದಾರಿ) ಅದಕ್ಕಿಂತ ಸಾಕಷ್ಟು ಜಾಸ್ತಿ. ಕೊಲ್ಲಿಯಲ್ಲಿ ಮನೆಗೆಲಸ ಮಾಡುವ ಹೆಂಗಸು ಬ್ಯಾಂಕಿನಲ್ಲಿ ಕಳಿಸಿ ಯಾಕೆ ಕಳೆದುಕೊಳ್ಳಬೇಕು? ಬ್ಯಾಂಕ್ ಮೂಲಕ ಬಂದ ಹಣ 2020ರ 710 ಕೋಟಿ ಡಾಲರ್‌ನಿಂದ 2021ರಲ್ಲಿ 550 ಕೋಟಿಗೆ ಇಳಿಯಿತು. ದರವನ್ನು ಬಲವಂತವಾಗಿ ಹಿಡಿದಿದ್ದೇ ಡಾಲರನ್ನು ಓಡಿಸಿತು.

ಮುಂದಿನದು ಗೊತ್ತೇ ಇದೆ. ಜನವರಿಯ 50 ಕೋಟಿಯನ್ನು ಹಟ ಹಿಡಿದು ಕಟ್ಟಿದರು. ಮಾರ್ಚ್ 7ರಂದು ರೂಪಾಯಿಯ ಹಿಡಿತ ಸಡಿಲಿಸಿದರು, ಮೇ ಹೊತ್ತಿಗೆ ಡಾಲರ್ 360ರ ಹತ್ತಿರ. ಏಪ್ರಿಲ್ 8ರಂದು ಬಡ್ಡಿಯನ್ನು ಒಂದೇ ಸಲ 7 ಶೇಕಡಾ ಅಂಶ ಏರಿಸಿದರು. ಏಪ್ರಿಲ್ 12ರಂದು ಹೊರಸಾಲ ಕಟ್ಟುವುದಿಲ್ಲ ಅಂದರು. ಸೆಪ್ಟೆಂಬರ್‌ನಲ್ಲಿ ಕೊಲಂಬೊದ ಹಣದುಬ್ಬರ ಶೇ. 70ರ ಹತ್ತಿರ. ಪೆಟ್ರೋಲ್ ಸಾಲುಗಳ ಫೋಟೊ ನಾವೆಲ್ಲ ನೋಡಿದೆವು. ಇದರಲ್ಲಿ ಯಾವುದಕ್ಕೂ ಗುಟ್ಟಿನ ಮಾಹಿತಿ ಬೇಕಿರಲಿಲ್ಲ. ಮೀಸಲು, ಆಮದು, ಸಾಲದ ಪಟ್ಟಿ, ಎಲ್ಲ ಅವರ ಕೇಂದ್ರ ಬ್ಯಾಂಕಿನ ಪ್ರಕಟಣೆಗಳಲ್ಲೇ ಇತ್ತು. 1991ರಲ್ಲಿ ಎರಡು ಮೂರು ವಾರದ ಆಮದಿಗಷ್ಟೇ ಡಾಲರ್ ಉಳಿದು, ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ ಅಡ ಇಡಬೇಕಾಗಿ ಬಂದ ದೇಶದವರು ನಾವು. ಈ ಅಂಕಿಗಳ ಭಾರ ನಮಗೆ ಬೇಗ ಅರ್ಥ ಆಗಬೇಕು.

ಐದನೆಯದು: ಕೇಂದ್ರ ಬ್ಯಾಂಕ್ ಯಾರ ಮಾತು ಕೇಳುತ್ತದೆ?

ಬಡ್ಡಿ ದರದಿಂದ ಹಣದುಬ್ಬರ ಕಳೆಯಿರಿ. ಉಳಿದದ್ದು ಸೊನ್ನೆಗಿಂತ ತುಂಬಾ ಕೆಳಗಿದ್ದರೆ ಆ ದೇಶದ ಜನರೇ ತಮ್ಮ ಕರೆನ್ಸಿ ಬಿಟ್ಟು ಡಾಲರ್, ಚಿನ್ನದ ಕಡೆ ಓಡುತ್ತಾರೆ. ಅವರೇ ಓಡುವಾಗ ನಾವ್ಯಾಕೆ ನಿಲ್ಲಬೇಕು?

ಟರ್ಕಿಯಲ್ಲಿ 2021ರ ಮಾರ್ಚ್ 18ರಂದು ಕೇಂದ್ರ ಬ್ಯಾಂಕ್ ಗವರ್ನರ್ ನಾಜಿ ಅಗ್ಬಾಲ್ ಬಡ್ಡಿಯನ್ನು ಶೇ. 19ಕ್ಕೆ ಏರಿಸಿದರು. ಎರಡೇ ದಿನಕ್ಕೆ ಅಧ್ಯಕ್ಷ ಎರ್ಡೊಗನ್ ಅವರನ್ನು ತೆಗೆದುಹಾಕಿದರು. ಸೆಪ್ಟೆಂಬರ್‌ನಿಂದ ಬಡ್ಡಿ ಇಳಿಸುತ್ತಾ ಹೋದರು. 2022ರ ಅಕ್ಟೋಬರ್‌ನಲ್ಲಿ ಬಡ್ಡಿ ಶೇ. 10.5, ಹಣದುಬ್ಬರ ಶೇ. 85. 2023ರ ಜೂನ್‌ನಲ್ಲಿ ಮೆಹ್ಮೆತ್ ಶಿಮ್ಶೆಕ್ ಮತ್ತೆ ಹಣಕಾಸು ಸಚಿವರಾದ ಮೇಲೆ ದಾರಿ ಬದಲಾಯಿತು, 2024ರ ಮಾರ್ಚ್‌ಗೆ ಬಡ್ಡಿ ಶೇ. 50 ಮುಟ್ಟಿತು. ಗವರ್ನರ್‌ಗಳು ಎಷ್ಟು ಬೇಗ ಬದಲಾಗುತ್ತಾರೆ ಅನ್ನುವುದು ನನಗೆ ಯಾವ ರೇಟಿಂಗ್‌ಗಿಂತಲೂ ಜಾಸ್ತಿ ಹೇಳುತ್ತದೆ.

ಅದೇ ಕಾಲದಲ್ಲಿ ಬ್ರೆಜಿಲ್ ಏನು ಮಾಡಿತು ನೋಡಿ. 2021ರ ಮಾರ್ಚ್‌ನಲ್ಲಿ, ಫೆಡ್‌ಗಿಂತ ಒಂದು ವರ್ಷ ಮೊದಲೇ, ಶೇ. 2ರಲ್ಲಿದ್ದ ಬಡ್ಡಿ ಏರಿಸಲು ಶುರು ಮಾಡಿತು, 2022ರ ಆಗಸ್ಟ್‌ಗೆ ಶೇ. 13.75. ಡಾಲರ್ ಎದುರು ಹೆಚ್ಚಿನ ಕರೆನ್ಸಿಗಳು ಮಕಾಡೆ ಮಲಗಿದ 2022ರಲ್ಲಿ ಬ್ರೆಜಿಲ್‌ನ ರಿಯಾಲ್ ಏರಿತು. ಆದರೆ ಕೇಂದ್ರ ಬ್ಯಾಂಕ್ ಒಂದೇ ಎಲ್ಲವನ್ನೂ ಕಾಯಲಾರದು. 2024ರಲ್ಲಿ ಸರ್ಕಾರದ ಖರ್ಚಿನ ಬಗ್ಗೆ ನಂಬಿಕೆ ಹೋದಾಗ ಅದೇ ರಿಯಾಲ್ ಶೇ. 20ಕ್ಕಿಂತ ಜಾಸ್ತಿ ಬಿತ್ತು. ಹಾಗಾಗಿ ಬಜೆಟ್ ಕೊರತೆಯನ್ನೂ ಇದೇ ಹೆಜ್ಜೆಯಲ್ಲಿ ನೋಡಿಬಿಡಿ.

ರಿಯಾಲ್ ನಮಗೆ ಅಷ್ಟು ದೂರದ್ದೂ ಅಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು, ಅರೇಬಿಕಾ ಬೆಲೆ ನಿರ್ಧಾರ ಆಗುವುದು ನ್ಯೂಯಾರ್ಕ್‌ನಲ್ಲಿ ಡಾಲರ್ ಲೆಕ್ಕದಲ್ಲಿ, ಅತಿ ದೊಡ್ಡ ಬೆಳೆಗಾರ ದೇಶ ಬ್ರೆಜಿಲ್. ರಿಯಾಲ್ ಬಿದ್ದರೆ ಅಲ್ಲಿನ ಬೆಳೆಗಾರನಿಗೆ ಅದೇ ಡಾಲರ್ ಬೆಲೆಗೆ ಹೆಚ್ಚು ರಿಯಾಲ್ ಸಿಗುತ್ತದೆ, ಅವನು ಹೆಚ್ಚು ಮಾರಲು ಮುಂದಾಗುತ್ತಾನೆ, ಆ ಒತ್ತಡ ಚಿಕ್ಕಮಗಳೂರು, ಸಕಲೇಶಪುರದ ಬೆಲೆಗೂ ತಟ್ಟುತ್ತದೆ. 2024ರಲ್ಲಿ ಬರದ ಹೊಡೆತ ಅದಕ್ಕಿಂತ ದೊಡ್ಡದಾಗಿ ಬೆಲೆ ಏರಿದ್ದು ನಿಜ. ಊರಲ್ಲಿ ತೋಟ ಇದ್ದರೆ ಬ್ರೆಜಿಲ್ ಫಂಡ್ ಕೊಳ್ಳುವ ಮುಂಚೆ ಇದನ್ನೂ ಯೋಚಿಸಿ.

ಆರನೆಯದು: ಹೊರಗೆ ಬರುವ ಬಾಗಿಲು

ಲಾಭ ಬಂದಿದೆ, ಕರೆನ್ಸಿಯೂ ಪರವಾಗಿಲ್ಲ, ಆದರೆ ದುಡ್ಡು ಹೊರಗೆ ಬಿಡುವುದಿಲ್ಲ ಅಂದರೆ? 1998ರ ಸೆಪ್ಟೆಂಬರ್‌ನಲ್ಲಿ ಮಲೇಷ್ಯಾ ರಿಂಗಿಟ್ಟನ್ನು 3.80ಕ್ಕೆ ಕಟ್ಟಿ, ವಿದೇಶಿಯರು ಷೇರು ಮಾರಿದ ಹಣವನ್ನು 12 ತಿಂಗಳು ಹೊರಗೆ ಒಯ್ಯುವಂತಿಲ್ಲ ಅಂದಿತು. ನೈಜೀರಿಯಾದಲ್ಲಿ ವಿಮಾನ ಕಂಪನಿಗಳು ನೈರಾದಲ್ಲಿ ಟಿಕೆಟ್ ಮಾರಿದವು, ಡಾಲರ್ ಮಾಡಿಕೊಳ್ಳಲು ಸಿಗಲೇ ಇಲ್ಲ. 2023ರ ಮಧ್ಯದ ಹೊತ್ತಿಗೆ ಹೀಗೆ ಸಿಕ್ಕಿಕೊಂಡ ಹಣ 80 ಕೋಟಿ ಡಾಲರ್ ಮೀರಿತ್ತು. ಎಮಿರೇಟ್ಸ್ 2022ರಲ್ಲಿ ಅಲ್ಲಿಗೆ ಹಾರಾಟವನ್ನೇ ನಿಲ್ಲಿಸಿತು, ಮತ್ತೆ ಹಾರಿದ್ದು 2024ರ ಅಕ್ಟೋಬರ್‌ನಲ್ಲಿ. ಅಷ್ಟು ದೊಡ್ಡ ಕಂಪನಿಗೇ ಈ ಗತಿ.

ಹುಡುಕಬೇಕಾದದ್ದು ಸುಲಭ. ಆ ದೇಶದಲ್ಲಿ ಅಧಿಕೃತ ದರದ ಪಕ್ಕದಲ್ಲಿ ಬೀದಿಯ ದರ ಅಂತ ಇನ್ನೊಂದು ಓಡಾಡುತ್ತಿದೆಯಾ? ಎರಡರ ನಡುವೆ ಶೇ. 5ಕ್ಕಿಂತ ಹೆಚ್ಚು ಅಂತರ ಇದ್ದರೆ ನಾನು ಅಲ್ಲಿಗೆ ದುಡ್ಡು ಕಳಿಸುವುದಿಲ್ಲ, ಪೇಟೆ ಎಷ್ಟೇ ಅಗ್ಗ ಇರಲಿ. ಇದರಲ್ಲಿ ನನಗೆ ರಾಜಿ ಇಲ್ಲ.

ಏಳನೆಯದು: ಕರೆನ್ಸಿ ದುಬಾರಿಯಾ, ಅಗ್ಗವಾ?

ಬರೀ ಡಾಲರ್ ದರ ನೋಡಿದರೆ ಗೊತ್ತಾಗುವುದಿಲ್ಲ. ವ್ಯಾಪಾರ ಮಾಡುವ ಎಲ್ಲ ದೇಶಗಳ ಕರೆನ್ಸಿ ಮತ್ತು ಬೆಲೆ ಏರಿಕೆಯನ್ನು ಸೇರಿಸಿ ಮಾಡುವ ಆರ್‌ಇಇಆರ್ ಅನ್ನುವ ಸೂಚ್ಯಂಕ ಇದೆ. ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿರುವ ಬಿಐಎಸ್ (ಕೇಂದ್ರ ಬ್ಯಾಂಕ್‌ಗಳ ಅಂತರರಾಷ್ಟ್ರೀಯ ಬ್ಯಾಂಕ್) ಬಹಳಷ್ಟು ದೇಶಗಳಿಗೆ ಇದನ್ನು ಪ್ರತಿ ತಿಂಗಳು ಕೊಡುತ್ತದೆ, ರೂಪಾಯಿಗೆ ನಮ್ಮ ರಿಸರ್ವ್ ಬ್ಯಾಂಕ್ 40 ಕರೆನ್ಸಿಗಳ ಲೆಕ್ಕ ಕೊಡುತ್ತದೆ. ಹತ್ತು ವರ್ಷದ ಸರಾಸರಿಗಿಂತ ತುಂಬಾ ಮೇಲಿದ್ದು, ಜೊತೆಗೆ ಚಾಲ್ತಿ ಖಾತೆ ಕೊರತೆಯೂ ಬೆಳೆಯುತ್ತಿದ್ದರೆ ಸ್ವಲ್ಪ ಕಾಯಿರಿ. ಇದು ಯಾವಾಗ ಬೀಳುತ್ತದೆ ಅಂತ ಹೇಳುವ ಸಾಧನ ಅಲ್ಲ, ವರ್ಷಗಟ್ಟಲೆ ಮೇಲೇ ಇರಬಹುದು.

ಎಲ್ಲಿ ಓದುವುದು?

ಐಎಂಎಫ್ ಹೆಚ್ಚಿನ ಸದಸ್ಯ ದೇಶಗಳ ಬಗ್ಗೆ ವರ್ಷಕ್ಕೊಮ್ಮೆ ಆರ್ಟಿಕಲ್ 4 ವರದಿ (ಆ ದೇಶದ ಆರ್ಥಿಕತೆಯ ತಪಾಸಣೆ) ತರುತ್ತದೆ. ನೂರಾರು ಪುಟ ಇದ್ದರೂ ಹೆದರಬೇಡಿ. ಮೊದಲು ಸಿಬ್ಬಂದಿಯ ಅಭಿಪ್ರಾಯದ ಎರಡು ಮೂರು ಪುಟ ಓದಿ, ಆಮೇಲೆ ಹೊರದೇಶದ ಪಾವತಿಗಳ ಕೋಷ್ಟಕ, ಆಮೇಲೆ ಸಾಲ ತೀರಿಸುವ ಶಕ್ತಿಯ ಪುಟಗಳು. ವರದಿಯ ಭಾಷೆ ತುಂಬಾ ನಯ. "ಇನ್ನಷ್ಟು ಹೊಂದಿಕೊಳ್ಳುವ ವಿನಿಮಯ ದರ ಒಳ್ಳೆಯದು" ಅಂತ ಬರೆದಿದ್ದರೆ ಕರೆನ್ಸಿಯನ್ನು ಹಿಡಿದಿಟ್ಟಿದ್ದಾರೆ, ಬಿಡಿ ಅಂತ ಹೇಳುತ್ತಿದ್ದಾರೆ ಅಂತಲೇ ಓದಿಕೊಳ್ಳಿ. ಮೀಸಲಿನ ತಾಜಾ ಅಂಕಿಗೆ ಆ ದೇಶದ ಕೇಂದ್ರ ಬ್ಯಾಂಕ್ ವೆಬ್‌ಸೈಟ್, ಹಳೆಯ ವರ್ಷಗಳ ಹೋಲಿಕೆಗೆ ವಿಶ್ವಬ್ಯಾಂಕ್. ನಮ್ಮ ರಿಸರ್ವ್ ಬ್ಯಾಂಕ್ ಪ್ರತಿ ಶುಕ್ರವಾರ ಮೀಸಲಿನ ಲೆಕ್ಕ ಬಿಡುತ್ತದೆ, ಮೊದಲು ಅದರ ಮೇಲೆ ಕೈ ಪಳಗಿಸಿಕೊಳ್ಳಿ.

ಕೊನೆಗೆ ನಮ್ಮ ಕಡೆಯ ಲೆಕ್ಕ

ಬೆಂಗಳೂರಿನ ಐಟಿ ಕೆಲಸಗಾರರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನಿಮ್ಮ ಸಂಬಳ ಅಮೆರಿಕದ ಗ್ರಾಹಕರ ಮೇಲೆ ನಿಂತಿದೆ, ಕಂಪನಿ ಸಂಬಳದ ಜೊತೆ ಕೊಡುವ ಆರ್‌ಎಸ್‌ಯು ಷೇರುಗಳೂ ಅಮೆರಿಕದವೇ, ಮನೆ ಇರುವುದೂ ಅದೇ ಕಂಪನಿಗಳನ್ನು ನಂಬಿದ ಬಡಾವಣೆಯಲ್ಲಿ. ಅದರ ಮೇಲೆ ಮತ್ತೆ ಅಮೆರಿಕದ ಟೆಕ್ ಫಂಡ್ ಕೊಂಡರೆ ಅಲ್ಲಿ ಒಂದು ಕೆಟ್ಟ ವರ್ಷ ಬಂದಾಗ ಕೆಲಸ, ಷೇರು, ಮನೆ ಬೆಲೆ ಎಲ್ಲಕ್ಕೂ ಒಟ್ಟಿಗೆ ಪೆಟ್ಟು. ನಿಮ್ಮ ಸಂಬಳ ಕುಸಿಯುವ ದಿನ ಕುಸಿಯದ ದೇಶ ಯಾವುದು ಅಂತ ಹುಡುಕಿ.

ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮದಲ್ಲಿ (ವ್ಯಕ್ತಿಗಳು ಹೊರದೇಶಕ್ಕೆ ಹಣ ಕಳಿಸುವ ಯೋಜನೆ) ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. 2025ರ ಏಪ್ರಿಲ್‌ನಿಂದ, ಹೂಡಿಕೆಗೆ ಕಳಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಭಾಗದ ಮೇಲೆ ಶೇ. 20 ಟಿಸಿಎಸ್ (ಹಣ ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಅದು ನಿಮ್ಮ ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಕೊಂಡಿರುತ್ತದೆ. ಬ್ಯಾಂಕ್ ಕೊಡುವ ಡಾಲರ್ ದರವನ್ನೂ ಪೇಟೆ ದರವನ್ನೂ ಪಕ್ಕಪಕ್ಕ ಇಟ್ಟು ನೋಡಿ. 85ರ ದರದಲ್ಲಿ ಒಂದು ರೂಪಾಯಿ ವ್ಯತ್ಯಾಸ ಅಂದರೆ ಹೋಗುವಾಗ ಶೇ. 1.2, ಬರುವಾಗ ಮತ್ತೆ ಅಷ್ಟೇ. ಶಾಖೆಯಲ್ಲಿ ಕೇಳಿದರೆ ಎಷ್ಟೋ ಸಲ ಕಡಿಮೆ ಮಾಡುತ್ತಾರೆ. ಸುಮ್ನೆ ಕೇಳಿ.

ಕರೆನ್ಸಿ ಟ್ರೇಡಿಂಗ್ ಮಾಡಿಸುತ್ತೇವೆ, ತಿಂಗಳಿಗೆ ಇಷ್ಟು ಶೇಕಡಾ ಗ್ಯಾರಂಟಿ ಅಂತ ಟೆಲಿಗ್ರಾಮ್‌ನಲ್ಲಿ ಬರುವ ಆ್ಯಪ್‌ಗಳ ಹತ್ತಿರ ಹೋಗಲೇಬೇಡಿ. ಎಲ್‌ಆರ್‌ಎಸ್ ಹಣದಲ್ಲಿ ಹೊರದೇಶದ ಮಾರ್ಜಿನ್ ಟ್ರೇಡಿಂಗ್‌ಗೆ (ಸ್ವಲ್ಪ ಹಣ ಇಟ್ಟು ಅದರ ಹಲವು ಪಟ್ಟು ವಹಿವಾಟು ಮಾಡುವುದು) ಅನುಮತಿಯೇ ಇಲ್ಲ. ಅನುಮತಿ ಇಲ್ಲದ ಫಾರೆಕ್ಸ್ ಆ್ಯಪ್‌ಗಳ ಎಚ್ಚರಿಕೆ ಪಟ್ಟಿ ರಿಸರ್ವ್ ಬ್ಯಾಂಕ್ ವೆಬ್‌ಸೈಟ್‌ನಲ್ಲೇ ಇದೆ. ಪಟ್ಟಿಯಲ್ಲಿ ಹೆಸರು ಇಲ್ಲ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲೂ ಅಲ್ಲ.

ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊರದೇಶದ ಆಸ್ತಿಯ ವಿವರ ಕೊಡುವ ಶೆಡ್ಯೂಲ್ ಎಫ್ಎ ತುಂಬುವುದನ್ನು ಮರೆಯಬೇಡಿ. ಒಂದೇ ಒಂದು ಷೇರು ಇದ್ದರೂ, ಏನೂ ಮಾರದಿದ್ದರೂ, ಕಂಪನಿ ಕೊಟ್ಟ ಆರ್‌ಎಸ್‌ಯು ಆಗಿದ್ದರೂ ತೋರಿಸಬೇಕು. ಅಲ್ಲಿ ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗೆ, ನಮ್ಮ ಏಪ್ರಿಲ್-ಮಾರ್ಚ್ ಅಲ್ಲ. ಡಿಸೆಂಬರ್ 31ರ ಸ್ಟೇಟ್‌ಮೆಂಟ್ ಇಳಿಸಿಕೊಂಡು ಇಟ್ಟುಕೊಳ್ಳಿ. ಅದೇ ದಿನ ಆ ದೇಶದ ಮೀಸಲು, ಚಾಲ್ತಿ ಖಾತೆ, ಬಡ್ಡಿ, ಹಣದುಬ್ಬರ ನಾಲ್ಕನ್ನೂ ಹೊಸದಾಗಿ ಬರೆದುಕೊಂಡು ಹಿಂದಿನ ವರ್ಷದ ಹಾಳೆಯ ಪಕ್ಕ ಇಟ್ಟು ನೋಡಿ.